ಕಲ್ಯಾಣ ಕಂದರ ಮೀಮಾಂಸೆ

ಎತ್ತರದ ಬೆಟ್ಟ, ಅದನ್ನು ಸೀಳಿದ ಕಮರಿ, ಕಮರಿಯೊಳಗೆ ಧುಮುಕುವ ತೊರೆ, ತೊರೆಯ ಜೊತೆಗೇ ಹಗ್ಗ ಹಿಡಿದು ಇಳಿಯುವ ಮನುಷ್ಯ: ಈ ನಾಲ್ಕೂ ಕೂಡಿದರೆ ಕ್ಯಾನ್ಯನಿಂಗ್ ಎಂಬುದು ಆಧುನಿಕರ ಲಕ್ಷಣವಾಕ್ಯ. ಈ ಶಾಸ್ತ್ರದ ಆದಿಪುರುಷನ ಪೀಠದಲ್ಲಿ ಅವರು ಎದುವಾರ್ ಆಲ್ಫ್ರೆದ್ ಮಾರ್ತೆಲನನ್ನು ಕೂರಿಸಿದ್ದಾರೆ. 1905ರಲ್ಲಿ ಫ್ರಾನ್ಸಿನ ವೆರ್ದೋನ್ ಕಮರಿಯನ್ನು ಹೊಕ್ಕು ಹೊರಬಂದವನು ಅವನು. ಮಾರ್ತೆಲ್ ದೊಡ್ಡವನೆಂಬುದರಲ್ಲಿ ವಿವಾದವಿಲ್ಲ. ಬಂದದ್ದು ತಡವಾಯಿತು ಅಷ್ಟೆ. ಈ ಕ್ರೀಡೆ ಹುಟ್ಟಿದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಮೈಯಲ್ಲಿ ಕಸುವಿರಲಿ ಬಿಡಲಿ, ಸಕಲರಿಗೂ ಅದು ಸಲ್ಲುವುದು ಇಂದಿಗೂ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯಲ್ಲಿ ಮಾತ್ರ. ಇದು ಈ ಪ್ರಬಂಧದ ಪ್ರತಿಜ್ಞೆ. ಅಲ್ಲಿ ಹೇಳಿಕೊಳ್ಳುವಂಥ ಬೆಟ್ಟವೂ ಇಲ್ಲ, ಕಮರಿಯೂ ಇಲ್ಲವಲ್ಲ ಎಂದು ಈಗಲೇ ತುಟಿ ಅಲುಗಿಸುತ್ತಿರುವವರು ಕೊಂಚ ತಾಳಬೇಕು. ಸಾಕ್ಷ್ಯವನ್ನು ನೋಡದೆ ಸ್ಥಳವನ್ನು ನೋಡುವುದು ವಿದ್ವಾಂಸರ ಲಕ್ಷಣವಲ್ಲ.

ಮೊದಲು ಗ್ರಂಥಸಾಕ್ಷ್ಯ. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ ಬರೆದು ಸರ್ವಜ್ಞ ಚಕ್ರವರ್ತಿ ಎನಿಸಿಕೊಂಡ. ರಾಜ್ಯವನ್ನು ಗಳಿಸುವುದರಿಂದ ಹಿಡಿದು ಅಡುಗೆ, ಬೇಟೆ, ಸಂಗೀತದವರೆಗೆ ಅವನು ಬಿಟ್ಟ ವಿಷಯ ಕಡಿಮೆ. ಅದರ ಕ್ರೀಡಾವಿಂಶತಿಯಲ್ಲಿ ಬೆಟ್ಟದ ಆಟವಿದೆ, ನೀರಿನ ಆಟವಿದೆ, ಕತ್ತಲೆಯ ಆಟವೂ ಇದೆ. ಬೆಟ್ಟ, ನೀರು, ಕತ್ತಲೆ ಈ ಮೂರನ್ನು ಒಂದೇ ಕಡೆ ಕೂಡಿಸಿದರೆ ಉಳಿಯುವುದು ಕಮರಿಯಲ್ಲದೆ ಮತ್ತೇನು? ಅರಸ ಇವನ್ನು ಬೇರೆಬೇರೆಯಾಗಿ ಹೇಳಿದ್ದಾನೆ, ಕೂಡಿಸಿ ಎಂದಿಲ್ಲ ಎಂಬ ಆಕ್ಷೇಪ ಬರಬಹುದು. ಕೂಡಿಸುವ ಕೆಲಸವನ್ನು ಅವನು ಮುಂದಿನ ಸಂಶೋಧಕರಿಗೆ ಬಿಟ್ಟದ್ದು ಔದಾರ್ಯ. ವಿಮಾನವನ್ನೂ ಅಣುಬಾಂಬನ್ನೂ ಇದಕ್ಕಿಂತ ಕಡಿಮೆ ಆಧಾರದ ಮೇಲೆ ನಮ್ಮ ಪೂರ್ವಜರ ಲೆಕ್ಕಕ್ಕೆ ಬರೆದವರಿದ್ದಾರೆ. ಇಲ್ಲಿ ಕೇಳುತ್ತಿರುವುದು ಬರಿಯ ಒಂದು ಹಳ್ಳ.

ಇನ್ನು ಸಲಕರಣೆ. ಕಮರಿಗಿಳಿಯುವವನಿಗೆ ಹಗ್ಗ ಬೇಕು, ನೀರಿನ ನಡೆ ಬಲ್ಲವನೊಬ್ಬ ಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಲ್ಲು ಹೊಸೆದು ಹಗ್ಗ ಮಾಡುವ ನುಲಿಯ ಚಂದಯ್ಯನೂ ಇದ್ದ, ದೋಣಿಯ ಕಸುಬಿನ ಅಂಬಿಗರ ಚೌಡಯ್ಯನೂ ಇದ್ದ. ಇಬ್ಬರ ಹೆಸರಿನ ಗವಿಗಳೂ ಅಕ್ಕನಾಗಮ್ಮನ ಗವಿಯೂ ಬಸವಕಲ್ಯಾಣದಲ್ಲಿ ಇಂದಿಗೂ ಇವೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕೆರೆಯ ನೀರಿಗೆ ಜಾರಿದರೂ ಚಂದಯ್ಯ ಕಾಯಕ ಬಿಟ್ಟು ಹಿಂದೆ ಓಡಲಿಲ್ಲವೆಂದು ಶರಣರ ಕಥೆ ಹೇಳುತ್ತದೆ. ಏನೇ ಜಾರಿದರೂ ಹಗ್ಗ ಬಿಡಬೇಡ ಎಂಬ ಇಂದಿನ ತರಬೇತುದಾರರ ಮೊದಲ ಪಾಠ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ. ಕಲ್ಯಾಣದ ಕ್ರಾಂತಿಯ ಬಳಿಕ ಚೆನ್ನಬಸವಣ್ಣನ ಜೊತೆ ಶರಣರು ಸಹ್ಯಾದ್ರಿಯ ಉಳವಿಯತ್ತ ಕಾಡುಮೇಡು ದಾಟಿ ಹೋದದ್ದನ್ನೂ ಇದೇ ಪಟ್ಟಿಗೆ ಸೇರಿಸಲು ಕೆಲವು ಉತ್ಸಾಹಿಗಳು ಮುಂದಾದಾರು. ಸೇರಿಸಬಾರದು. ಬೆನ್ನಟ್ಟಿ ಬರುವ ದಂಡಿನಿಂದ ಪ್ರಾಣವನ್ನೂ ವಚನದ ಕಟ್ಟನ್ನೂ ಉಳಿಸಿಕೊಳ್ಳುವುದು ಕ್ರೀಡೆಯಲ್ಲ. ಅಣಕಿಗೂ ಒಂದು ಎಲ್ಲೆಯಿದೆ.

ಈಗ ದೊಡ್ಡ ಪೂರ್ವಪಕ್ಷ: ಬೆಟ್ಟವೆಲ್ಲಿ? ದಖ್ಖನ್ನಿನ ಲಾವಾ ಪದರಗಳು ಹಾಸಿದ ಹಾಗೆ ಮಲಗಿವೆ, ಬೀದರ್ ಸೀಮೆಯಲ್ಲಿ ಮೇಲೊಂದು ಕೆಂಪುಕಲ್ಲಿನ ಹೊದಿಕೆ, ಅದರ ಮೇಲೆ ತೊಗರಿ ಹೊಲ. ಈ ಆಕ್ಷೇಪದ ತಪ್ಪು ಬುಡದಲ್ಲೇ ಇದೆ. ಕಮರಿಗೆ ಬೇಕಾದದ್ದು ಇಳಿಜಾರು, ಏರು ಅಲ್ಲ. ಮುಲ್ಲಾಮಾರಿ ಬಸವಕಲ್ಯಾಣ ತಾಲೂಕಿನಲ್ಲಿ ಹುಟ್ಟಿ ಕಾಗಿಣಾ, ಭೀಮೆಯರ ಮೂಲಕ ಕೃಷ್ಣೆಗೆ ಸೇರುತ್ತದೆ. ಚುಳಕಿ ನಾಲಾದ ನೀರೂ ಕಾರಂಜಾದ ನೀರೂ ಮಾಂಜ್ರಾ ಹಿಡಿದು ಗೋದಾವರಿಗೆ ಹೋಗುತ್ತವೆ. ಅಂದರೆ ದಕ್ಷಿಣದ ಎರಡು ಮಹಾನದಿಗಳಿಗೆ ನೀರು ಪಾಲಾಗುವ ದಿಬ್ಬ ಇದು; ಒಂದೇ ಮೋಡದ ಎರಡು ಹನಿಗಳು ಇಲ್ಲಿ ಅಣ್ಣತಮ್ಮಂದಿರಂತೆ ಬೇರೆಯಾಗಿ ಬಂಗಾಳಕೊಲ್ಲಿಯಲ್ಲಿ ಮತ್ತೆ ಭೇಟಿಯಾಗುತ್ತವೆ. ಇಳಿಯುವ ನಿರ್ಧಾರ ಇಲ್ಲಿ ಆಗುತ್ತದೆ; ಕೆಳಗಿನ ಕಮರಿಗಳೆಲ್ಲ ಆ ನಿರ್ಧಾರದ ಅನುಷ್ಠಾನ ಮಾತ್ರ. ಇದರಲ್ಲಿ ಸುರಕ್ಷತೆಯ ಲಾಭವೂ ಅಡಗಿದೆ. ಕಮರಿಗಿಳಿದವರನ್ನು ಕೊಲ್ಲುವುದು ಹೆಚ್ಚಾಗಿ ಮೇಲ್ದಂಡೆಯಲ್ಲೆಲ್ಲೋ ಸುರಿದ ಮಳೆ, ತಲೆಯ ಮೇಲೆ ನೀಲಿ ಆಕಾಶವಿರುವಾಗಲೇ ನುಗ್ಗುವ ನೀರು. ಜಲವಿಭಾಜಕದ ನೆತ್ತಿಯಲ್ಲಿ ಕುಳಿತವನಿಗೆ ಮೇಲ್ದಂಡೆಯೇ ಇಲ್ಲ. ನೀರೇ ಇಲ್ಲವಲ್ಲ ಎಂದರೆ, ಅಮೆರಿಕದ ಯೂಟಾದಲ್ಲಿ ಒಣಗಿದ ಕಮರಿಗಳಿಗೆ ದುಡ್ಡು ತೆತ್ತು ಇಳಿಯುತ್ತಾರೆ ಎಂಬುದನ್ನು ನೆನಪಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಒಣಗುವ ನಮ್ಮ ನಾಲಾಗಳಲ್ಲಿ ಅದೇ ಅನುಭವ ಪುಕ್ಕಟೆ.

ದರ್ಜೆಯ ಪ್ರಶ್ನೆಯಲ್ಲಂತೂ ಪರಪಕ್ಷದವರ ಮಾಪನವೇ ನಮ್ಮ ಪರವಾಗಿದೆ. ಫ್ರೆಂಚರು ಕಮರಿಗಳನ್ನು ಲಂಬಕ್ಕೆ 1ರಿಂದ 7, ನೀರಿಗೆ 1ರಿಂದ 7 ಎಂದು ಅಳೆಯುತ್ತಾರೆ. ಲಂಬ 1 ಎಂದರೆ ಹಗ್ಗ ಬೇಕಿಲ್ಲ. ನೀರು 1 ಎಂದರೆ ನೀರಿಲ್ಲ, ಇದ್ದರೂ ನಡೆದು ದಾಟಬಹುದು. ಈ ಲೆಕ್ಕದಲ್ಲಿ ಎರಡೂ ತಾಲೂಕುಗಳು ಒಂದೂ ಅಂಕ ಕಳೆದುಕೊಳ್ಳದೆ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತವೆ. ಏಳನೆಯ ದರ್ಜೆಯ ಕಮರಿಯನ್ನು ಹೊಗಳುವವರು ತಮ್ಮ ಮಕ್ಕಳು ಏಳನೆಯ ರ‍್ಯಾಂಕ್ ತಂದಾಗ ಏನೆನ್ನುತ್ತಾರೋ ವಿಚಾರಿಸಬೇಕು. ನೀರಿನ ದರ್ಜೆ ಇನ್ನಷ್ಟು ಬೇಕೆಂಬವರಿಗೆ ಬೀದರಿನ ಝರಣಿ ನರಸಿಂಹನಿದ್ದಾನೆ. ಉದ್ದನೆಯ ಸುರಂಗ, ಸೊಂಟದಿಂದ ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿಗಳು. ಅದರೊಳಗೆ ಅಜ್ಜಿಯರು, ಬಸುರಿಯರು, ಅಪ್ಪನ ಹೆಗಲೇರಿದ ಕೂಸುಗಳು ಎಲ್ಲರೂ ದೇವರ ಹೆಸರು ಕೂಗುತ್ತ ಸಾಗುತ್ತಾರೆ. ರಬ್ಬರಿನ ಅಂಗಿಯಿಲ್ಲ, ಒದ್ದೆ ಬಟ್ಟೆಯೇ ಮಡಿ. ಎಲ್ಲ ಶಕ್ತಿಯವರಿಗೂ ತಕ್ಕ ಸಾಹಸವೆಂದು ಜಾಹೀರಾತಿನಲ್ಲಿ ಓದುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಝರಣಿ ಇರುವುದು ಬೀದರಿನಲ್ಲಿ, ಹುಮನಾಬಾದಿನಲ್ಲಲ್ಲ ಎಂಬುದು ತಹಸೀಲ್ದಾರರ ಆಕ್ಷೇಪ. ಕೆಂಪುಕಲ್ಲಿನ ಒಡಲಿಗೆ ತಾಲೂಕಿನ ಗಡಿ ತಿಳಿಯದು. ಗೋಕಾಕಿನ 52 ಮೀಟರ್ ಜಲಪಾತವನ್ನು ಮುಂದೊಡ್ಡುವವರಿಗೆ ಒಂದೇ ಉತ್ತರ: ಅಲ್ಲಿ ಇಳಿಯುವುದು ಘಟಪ್ರಭೆ, ಜನ ನಿಂತು ನೋಡುತ್ತಾರೆ.

ಹಕ್ಕಿನ ವಿಚಾರವನ್ನು ಬಿಡುವಂತಿಲ್ಲ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದು, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಎಂದು ಸ್ಥಾಪಿಸಿದ. ಹಳ್ಳಕ್ಕಿಂತ ಹಳೆಯ ಪಿತ್ರಾರ್ಜಿತ ಯಾವುದಿದೆ? ಆದ್ದರಿಂದ ಈ ಸೀಮೆಯಲ್ಲಿ ಹುಟ್ಟಿದವನಿಗೆ ತರಬೇತಿ, ಪ್ರಮಾಣಪತ್ರ, ದೇಹದಾರ್ಢ್ಯ ಯಾವುದನ್ನೂ ಕೇಳದೆ ಕಂದರದಲ್ಲಿ ಪಾಲಿದೆ. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ದೇಶದಾದ್ಯಂತ ಸಮಪಾಲು. ಬಂಗಾಳದವರು ದಾಯಭಾಗದ ಪ್ರಕಾರ ಅಪ್ಪ ತೀರುವವರೆಗೆ ದಂಡೆಯಲ್ಲಿ ಕಾಯಬೇಕಾಗಿತ್ತು ಎಂಬುದು ತೌಲನಿಕ ಅಧ್ಯಯನಕ್ಕೆ ಒಳ್ಳೆಯ ವಸ್ತು.

ಉಳಿದದ್ದು ಒಂದೇ ಆಕ್ಷೇಪ, ಹಗುರಾದದ್ದಲ್ಲ: ಅಪಾಯವೇ ಇಲ್ಲದ್ದು ಸಾಹಸ ಹೇಗಾದೀತು? ಇದಕ್ಕೆ ಹುಮನಾಬಾದ್ ಉತ್ತರ ಕೊಡುತ್ತದೆ. ಮಾಣಿಕಪ್ರಭುಗಳ ದರ್ಶನಕ್ಕೋ ವೀರಭದ್ರೇಶ್ವರನ ಜಾತ್ರೆಗೋ ಹೊರಟ ಭಕ್ತ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ನ್ನು ಕಾಲ್ನಡಿಗೆಯಲ್ಲಿ ದಾಟುವುದೇ ಈ ಕ್ರೀಡೆಯ ಅಂತಿಮ ಘಟ್ಟ. ಜಲವಿಭಾಜಕದಲ್ಲಿ ಮೇಲ್ದಂಡೆಯಿಲ್ಲವೆಂದು ಮೇಲೆ ಸಿದ್ಧಪಡಿಸಿದ್ದೇವೆ. ಹೆದ್ದಾರಿಗೆ ಎರಡು ಮೇಲ್ದಂಡೆಗಳಿವೆ, ಪ್ರವಾಹ ಎರಡೂ ಕಡೆಯಿಂದ ಬರುತ್ತದೆ, ಕೆಲವೊಮ್ಮೆ ಒಂದೇ ಪಥದಲ್ಲಿ ಎದುರುಬದುರಾಗಿಯೂ ಬರುತ್ತದೆ. ಫ್ರೆಂಚರ ಮಾಪನ ಏಳಕ್ಕೇ ನಿಂತಿರುವುದರಿಂದ ಇದಕ್ಕೆ ಅಂಕ ಕೊಡುವುದು ಸಾಧ್ಯವಾಗಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಹೆಲ್ಮೆಟ್ ಮಾತ್ರ ಕಡ್ಡಾಯ. ಸ್ಥಳೀಯ ಸಂಪ್ರದಾಯದಂತೆ ಅದನ್ನು ಬೈಕಿನ ಕನ್ನಡಿಗೆ ಭದ್ರವಾಗಿ ನೇತುಹಾಕಿಯೇ ಮುಂದುವರಿಯತಕ್ಕದ್ದು.