ಅವ್ವನ ಪ್ಲೇ ಹೋಮ್

2025ರಲ್ಲಿ ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ನನ್ನ ಮಗಳ ಬೆಲೆ ವರ್ಷಕ್ಕೆ 249 ರೂಪಾಯಿ 60 ಪೈಸೆ ಇತ್ತು. ಬೆಲೆ ಕಟ್ಟಿದ್ದು ನಾನಲ್ಲ, ತೊಂಬತ್ತರ ದಶಕದಲ್ಲಿ ಬಂದು ಕೂತ ನಿಯಮ. ಸಂಬಳದಲ್ಲಿ ಮಕ್ಕಳ ಶಿಕ್ಷಣ ಭತ್ಯೆ ಅಂತ ಎಷ್ಟೇ ಕೊಡಲಿ, ಮಗುವಿಗೆ ತಿಂಗಳಿಗೆ ನೂರು ರೂಪಾಯಿಗೆ ಮಾತ್ರ ತೆರಿಗೆ ಮಾಫಿಯಿತ್ತು, ಅದೂ ಇಬ್ಬರ ತನಕ. ವರ್ಷಕ್ಕೆ 1200 ಆಯಿತು. ನಾನಿದ್ದ ಶೇಕಡಾ 20ರ ಹಂತದಲ್ಲಿ ಸೆಸ್ಸೂ ಸೇರಿ ಉಳಿಯುತ್ತಿದ್ದದ್ದು ಮೇಲೆ ಹೇಳಿದಷ್ಟು. ಶೇಕಡಾ 30ರಲ್ಲಿದ್ದ ನಮ್ಮ ಮ್ಯಾನೇಜರ ಮಗ 374 ರೂಪಾಯಿ 40 ಪೈಸೆ ಬಾಳುತ್ತಿದ್ದ. ಐದು ಲಕ್ಷದೊಳಗಿನ ಅಟೆಂಡರಿಗೆ ಹೇಗೂ ತೆರಿಗೆಯೇ ಇಲ್ಲವಾದ್ದರಿಂದ ಆತನ ಎರಡು ಮಕ್ಕಳದೂ ಸೊನ್ನೆ. ಹಾಸ್ಟೆಲಿಗೆ ಸೇರಿಸಿದರೆ ತಿಂಗಳಿಗೆ ಇನ್ನೂ ಮುನ್ನೂರು ಮಾಫಿಯಿತ್ತು. ಮಕ್ಕಳು ದೂರ ಇದ್ದಷ್ಟೂ ಬೆಲೆ ಜಾಸ್ತಿ ಅನ್ನುವುದು ನಿಯಮ ಬರೆದ ಪುಣ್ಯಾತ್ಮರಿಗೆ ಗೊತ್ತಿತ್ತು.

ಮನೆ ಕೊಳ್ಳೇಗಾಲದಲ್ಲಿ. ನಾನು ಹನೂರಿನ ಒಂದು ಬ್ಯಾಂಕಿನಲ್ಲಿ ನೌಕರ, ಹೆಂಡತಿ ಯಳಂದೂರಿನ ಕಡೆ ಅತಿಥಿ ಶಿಕ್ಷಕಿ. ದಿವಾನ್ ಪೂರ್ಣಯ್ಯನವರಿಗೆ ಜಹಗೀರು ಸಿಕ್ಕ ಊರಿನ ನೀರು ಕುಡಿದದ್ದಕ್ಕೋ ಏನೋ, ಅವಳಿಗೆ ಲೆಕ್ಕ ನನಗಿಂತ ಬೇಗ ಹತ್ತುತ್ತದೆ.

2025ರ ಜನವರಿಯಲ್ಲಿ ಕಚೇರಿಯವರು ಎಂದಿನಂತೆ ಉಳಿತಾಯದ ದಾಖಲೆ ಕೇಳಿದರು. ನನ್ನ 80ಸಿಯ ಒಂದೂವರೆ ಲಕ್ಷದಲ್ಲಿ ಇನ್ನೂ ಜಾಗ ಖಾಲಿಯಿತ್ತು. ಬೋಧನಾ ಶುಲ್ಕ ತೋರಿಸಬಹುದು, ನರ್ಸರಿ, ಪ್ಲೇ ಸ್ಕೂಲಿನದೂ ಆಗುತ್ತದೆ. ಮಗಳು ಕೆಲಕಾಲ ಹೋಗಿದ್ದ ಪ್ಲೇ ಹೋಮಿನ ರಸೀದಿ ತೆಗೆದರೆ ಆಕ್ಟಿವಿಟಿ, ವ್ಯಾನು, ಅಭಿವೃದ್ಧಿ ನಿಧಿ, ವಾರ್ಷಿಕೋತ್ಸವದ ಬಟ್ಟೆ! ಬೋಧನೆ ಅಂತ ಬರೆದ ಕಡೆ ಒಂದು ಗೀಟು. ಬೋಧನೆಯೇ ನಡೆಯದ ಕಡೆ ಶುಲ್ಕ ಹಾಕದಿರುವುದು ಪ್ರಾಮಾಣಿಕತೆಯೇ ಇರಬೇಕು. ಆಮೇಲೆ ಮಗಳು ಉಳಿದದ್ದು ಅವ್ವನ ಹತ್ತಿರ. ಆಗ ಹೊಳೆಯಿತು: ನಿಜವಾದ ಬೋಧನೆ ನಡೆಯುತ್ತಿರುವುದು ನಮ್ಮ ಹಜಾರದಲ್ಲೇ ಅಲ್ಲವೆ?

ಬಿಳಿ ಹಾಳೆಯ ಮೇಲೆ ಚೆಂದಾಗಿ ಬರೆದೆ. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ತಂದೆ. ಅವ್ವ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಅದೇನ್ಲಾ ಅದು?"

"ರಸೀದಿ ಅವ್ವ. ನೀನು ಮಗೀಗೆ ಪಾಠ ಹೇಳ್ಕೊಟ್ಟಿದ್ದಕ್ಕೆ ನಾನು ದುಡ್ಡು ಕೊಟ್ಟೆ ಅಂತ."

"ಯಾವಾಗ್ಲಾ ಕೊಟ್ಟೆ?"

"ಕೊಡಲ್ಲ. ಕೊಟ್ಟೆ ಅಂತ ಬರೆಯೋದು."

ಅವ್ವ ಹುಣಸೆಬೀಜ ಕೆಳಗಿಟ್ಟಳು. "ಬಡ್ಡಿ ಸಾವ್ಕಾರ್ರೂ ಹಿಂಗ್ ಮಾಡ್ನಿಲ್ಲ ಕನ. ಅವ್ರು ದುಡ್ ಕೊಟ್ಟು ಹೆಬ್ಬೆಟ್ ಒತ್ತಿಸ್ಕತಿದ್ರು. ನೀ ಕೊಡ್ದೆನೇ ಒತ್ತಿಸ್ಕತಿದ್ದಯಲ್ಲ."

ನಾನು ಜಗ್ಗಲಿಲ್ಲ. ಏನೇನು ಕಲಿಸುತ್ತೀ ಹೇಳು ಅಂದೆ. ಮಾದಪ್ಪನ ಪದ, ಹುಣಸೆಬೀಜ ಎಣಿಸೋದು, ಬೀದಿ ನಾಯಿ ಬಂದರೆ ಗದರೋದು ಅಂದಳು. ನಾನು ಸಂಗೀತ, ಗಣಿತ, ಆತ್ಮರಕ್ಷಣೆ ಎಂದು ಬರೆದುಕೊಂಡೆ. ಕೊಳ್ಳೇಗಾಲದ ಯಾವ ಕಾನ್ವೆಂಟಿನಲ್ಲಿದೆ ಇಂಥ ಪಠ್ಯಕ್ರಮ? ಎದೆ ಉಬ್ಬಿತು. ತಿಂಗಳಿಗೆ ಮೂರು ಸಾವಿರ ಅಂತ ಹಾಕಲಾ ಎಂದೆ.

"ದಿನಕ್ಕೆ ನೂರಾ? ಹಿಪ್ಪುನೇರಳೆ ಸೊಪ್ ಕುಯ್ಯಕ್ ಹೋದ್ರೂ ಅದ್ಕಿಂತ ಜಾಸ್ತಿ ಕೊಡ್ತರೆ."

ಐದು ಸಾವಿರಕ್ಕೆ ಏರಿಸಿದೆ. ಕೊಡದ ದುಡ್ಡಿನಲ್ಲಿ ಇಷ್ಟು ಧಾರಾಳಿಯಾದವನು ಹನೂರು ಸೀಮೆಯಲ್ಲಿ ಮತ್ತೊಬ್ಬನಿರಲಾರ. ಅವ್ವ ಒಪ್ಪಲಿಲ್ಲ. "ಸರಿ, ಇವಳದು ಐದು ಸಾವ್ರ. ನಿಂದು, ನಿನ್ನಕ್ಕಂದು ಹಳೇ ಬಾಕಿ ಯಾವ್ ಹಾಳೇಲಿ ಬರ್ದಿದ್ದಯ?" ಬಡ್ಡಿ ಬೇಡ, ಅಸಲು ಸಾಕು ಎಂದು ರಿಯಾಯಿತಿಯನ್ನೂ ತೋರಿಸಿದಳು. ನಾನು ಅಸಲಿನ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಒತ್ತುತ್ತ ಕೂತಿರುವಾಗ ಮಗಳು ಸ್ಟಾಂಪನ್ನು ನೆಕ್ಕಿ ಹಣೆಗೆ ಅಂಟಿಸಿಕೊಂಡು ಬಂದು ನಿಂತಳು. ಮೊಮ್ಮಗಳ ಬೊಟ್ಟು ನೋಡಿ ಅವ್ವ ದೃಷ್ಟಿ ತೆಗೆದಳು.

ಅಷ್ಟರಲ್ಲಿ ಹೆಂಡತಿ ಬಸ್ಸಿಳಿದು ಬಂದು ಹಾಳೆ ಓದಿದಳು. "ಶಾಲೆ ನೋಂದಣಿ ಸಂಖ್ಯೆ ಎಲ್ಲಿ?" ಎಂದಳು. ಆಮೇಲೆ ತಣ್ಣಗೆ, "ನೀವು ತೆರಿಗೆ ಕಟ್ಟೋರು ಅಂತ ನನ್ನ ಗೃಹಲಕ್ಷ್ಮಿ ಹೋಯ್ತು. ಈಗ ಅತ್ತೆಗೂ ಆದಾಯ ಬರೆದು ಅವರದೂ ಕಳೀರಿ" ಎಂದಳು. ಅವ್ವ ಹಾಳೆ ಕಿತ್ತುಕೊಂಡು ಒಲೆಗಿಟ್ಟಳು. ಆ ಒಂದೇ ರಸೀದಿಯಿಂದ ಏನೂ ಹೋಗುತ್ತಿರಲಿಲ್ಲ ಎಂದು ವಿವರಿಸಲು ಹೊರಟೆ. ಕೇಳುವವರು ಯಾರು?

ಹೆಂಡತಿಯ ಆ ಮಾತಿಗೆ ನಗು ಬರಲಿಲ್ಲ. ಯಜಮಾನಿಯಾಗಲಿ ಗಂಡನಾಗಲಿ ತೆರಿಗೆ ಕಟ್ಟುವವರಾದರೆ ಗೃಹಲಕ್ಷ್ಮಿಯ ಎರಡು ಸಾವಿರ ಇಲ್ಲ, ಅದು ನ್ಯಾಯವೇ ಇರಬಹುದು. ಆದರೆ ಸರ್ಕಾರಿ ನೌಕರಿಯ ಹೆಂಗಸರಿಗೆ 2021ರಿಂದ ಇರುವ 180 ದಿನದ ಶಿಶುಪಾಲನಾ ರಜೆ ಅದೇ ಶಾಲೆಯಲ್ಲಿ ಅದೇ ಪಾಠ ಮಾಡುವ ಅತಿಥಿ ಶಿಕ್ಷಕಿಗಿಲ್ಲ. ಮಗುವಿಗೆ ಜ್ವರ ಬಂದ ದಿನ ಅವಳಿಗೆ ಸಂಬಳ ಹೋಗುತ್ತದೆ. ಐವತ್ತು ನೌಕರರಿದ್ದ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ಕಾಯ್ದೆ ಹೇಳಿತ್ತು. ನಮ್ಮ ಶಾಖೆಯಲ್ಲಿ ಐವತ್ತು ಜನ ಕಾಣುವುದು ಗೃಹಲಕ್ಷ್ಮಿ ಹಣ ಬಿದ್ದ ದಿನ, ಅವರೂ ಕೌಂಟರಿನ ಆಚೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗೆ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಮಾಡಿದ್ದಾರೆ, ಒಳ್ಳೆಯ ಕೆಲಸ. ನಡುವೆ ಬಿದ್ದವರಿಗೆ ಅವ್ವಂದಿರೇ ಗತಿ.

ತೆರಿಗೆಯ ಲೆಕ್ಕದಲ್ಲಾದರೂ ಹಿಂದೆ ಹೀಗಿರಲಿಲ್ಲ. 1955ರಲ್ಲಿ ಆಗಿನ ಹಣಕಾಸು ಮಂತ್ರಿ ಸಿ.ಡಿ. ದೇಶಮುಖರು ಮದುವೆಯಾದವರಿಗೊಂದು, ಆಗದವರಿಗೊಂದು ತೆರಿಗೆ ಮಾಫಿಯ ಮಿತಿ ಇಟ್ಟರು. 1958ರ ಹೊತ್ತಿಗೆ ಮದುವೆಯಾದವರಿಗೆ 3000 ರೂಪಾಯಿ ತನಕ ತೆರಿಗೆ ಇಲ್ಲ, ಒಂದು ಮಗುವಾದರೆ 3300, ಇನ್ನೊಂದಾದರೆ 3600. ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯ ಸೇರಿ ಎರಡೇ ವರ್ಷವಾಗಿದ್ದ ಕೊಳ್ಳೇಗಾಲದ ಗುಮಾಸ್ತನಿಗೆ ತೊಟ್ಟಿಲ ಲೆಕ್ಕವಾದರೂ ದೆಹಲಿಯಲ್ಲಿತ್ತು.

2025ರ ಫೆಬ್ರವರಿ 1ಕ್ಕೆ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ತೆರಿಗೆ ಇಲ್ಲ ಎಂದರು, ಸಂಬಳದವರಿಗೆ 75,000 ಬೇರೆ. ಮಕ್ಕಳಿಲ್ಲದ ಸಹೋದ್ಯೋಗಿಯೊಬ್ಬ ಸಿಹಿ ಹಂಚಿ, "ಇನ್ನು ರಸೀದಿ ಕಾಟ ತಪ್ಪಿತು ನೋಡಿ" ಎಂದ. ಅವನ ಮೇಲೆ ವಿನಾಕಾರಣ ಸಿಟ್ಟು ಬಂತು. ಹೊಸ ಪದ್ಧತಿಗೆ ನಾನೂ ಹೋದೆ. ತೆರಿಗೆ ಸೊನ್ನೆ, 249 ರೂಪಾಯಿ 60 ಪೈಸೆಯ ಮಗಳೂ ಸೊನ್ನೆ.

ಅವ್ವನ ರೇಷನ್ ಕಾರ್ಡು ಇನ್ನೂ ಊರಲ್ಲೇ, ಅವಳ ಹೆಸರಲ್ಲೇ ಇದೆ. ಗೃಹಲಕ್ಷ್ಮಿ ಹಣ ಬಂದ ತಿಂಗಳು ಅವಳು ಮೊಮ್ಮಗಳಿಗೆ ಬಟ್ಟೆ, ಬಿಸ್ಕತ್ತು, ಸ್ಲೇಟು ತರುತ್ತಾಳೆ. ಮಗು ಸಾಕುವುದಕ್ಕೆಂದು ನಮ್ಮ ಮನೆಗೆ ಬರುತ್ತಿರುವ ಸರ್ಕಾರದ ದುಡ್ಡು ಅದೊಂದೇ.