ಘಟ್ಟಾರೋಹಣ ಚಂದ್ರಿಕೆ ಅರ್ಥಾತ್ ಗೇರ್ ಸೈಕಲ್ ಮೀಮಾಂಸೆ

ಯಾವ ಶಾಸ್ತ್ರಕ್ಕೂ ಅನುಬಂಧ ಚತುಷ್ಟಯ ಬೇಕೆಂದು ಹಿರಿಯರು ವಿಧಿಸಿದ್ದಾರೆ. ಇಲ್ಲಿ ವಿಷಯ: ಕಲ್ಲುಗುಂಡಿಯಿಂದ ನಸುಕಿಗೆ ಹೊರಟು, ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಭಾಗಮಂಡಲ ಮುಟ್ಟಿ, ಕರಿಕೆ ದಾರಿಯಲ್ಲಿ ಇಳಿದು, ಪಾಣತ್ತೂರು, ಸುಳ್ಯಗಳಿಗಾಗಿ ಕಲ್ಲುಗುಂಡಿಗೇ ಮರಳುವ ಸೈಕಲ್ ಪ್ರದಕ್ಷಿಣೆ. ಸಂಬಂಧ: ಸೀಟಿಗೂ ಸವಾರನಿಗೂ ಇರುವಂಥದ್ದು, ವಿವರಿಸಿದರೆ ಗ್ರಾಮ್ಯದೋಷ. ಅಧಿಕಾರಿ: ಭಾನುವಾರ ಅಡಿಕೆಗೆ ಮದ್ದು ಬಿಡುವ ಕೆಲಸವಿಲ್ಲದವನು. ಪ್ರಯೋಜನ: ಶೋಧನೆ ನಡೆಯುತ್ತಿದೆ.

ಮೊದಲು ಇತಿಹಾಸ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲೇ ಎರಡು ಗಾಲಿಯ ಗಾಡಿ ಮಾಡಿದ್ದ. ಅದಕ್ಕೆ ಪೆಡಲ್ ಇರಲಿಲ್ಲ, ನೆಲ ಒದ್ದುಕೊಂಡು ಹೋಗಬೇಕಿತ್ತು. ಅದಾಗಿ ಇಪ್ಪತ್ತು ವರ್ಷಕ್ಕೆ, 1837ರಲ್ಲಿ, ಅಮರ ಸುಳ್ಯದ ರೈತರು ಕಂಪನಿ ಸರಕಾರದ ಮೇಲೆ ದಂಡೆತ್ತಿ ಮಂಗಳೂರಿಗೆ ಹೋಗಿ ಬಾವುಟ ಏರಿಸಿದರು. ಡ್ರೈಸನ ಗಾಡಿ ಅವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಯಾವ ವಿದ್ವಾಂಸನೂ ಕೇಳಿಲ್ಲ. ಕೊಯಿನಾಡು ದಾಟಿದ ಮೇಲೆ ನನ್ನ ಮಿತ್ರನು ಒಂದು ಕಾಲನ್ನು ಪೆಡಲಿನ ಮೇಲಿಟ್ಟು ಇನ್ನೊಂದರಿಂದ ನೆಲ ಒದೆಯುವುದನ್ನು ಕಂಡಾಗ ಡ್ರೈಸನ ಪರಂಪರೆ ಸುಳ್ಯ ಸೀಮೆಯಲ್ಲಿ ಅವಿಚ್ಛಿನ್ನವಾಗಿದೆಯೆಂದು ಮನವರಿಕೆಯಾಯಿತು.

ಈಗ ಪ್ರಮಾಣ ವಿಚಾರ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ತಿಳಿಯಬೇಕೆನ್ನುವುದು ನೈಯಾಯಿಕರ ಹಳೇ ಉದಾಹರಣೆ. ಅವರು ಸಂಪಾಜೆ ಘಾಟಿ ಹತ್ತಿದವರಲ್ಲ. ಇಲ್ಲಿ ಹೊಗೆ ಕಂಡರೆ ಮುಂದಿನ ತಿರುವಿನಲ್ಲಿ ಲಾರಿಯಿದೆ. ಹೊಗೆಗೆ ಸುಟ್ಟ ವಾಸನೆಯೂ ಸೇರಿದ್ದರೆ ಅದು ಇಳಿಯುತ್ತಿರುವ ಲಾರಿ, ಬ್ರೇಕು ಕಾದಿದೆ, ಸವಾರನು ಚರಂಡಿಯ ಕಡೆ ಸರಿಯತಕ್ಕದ್ದು. ದೇವರಕೊಲ್ಲಿಯ ಮೇಲೆ ಹೊಗೆಯಂತೆ ಕಾಣುವುದು ಬರೀ ಮಂಜು. ಅದರಿಂದ ಲಾರಿಯನ್ನು ಊಹಿಸುವುದು ಹೇತ್ವಾಭಾಸ. ಮಂಜಿನೊಳಗಿಂದ ಲಾರಿಯೇ ಬಂದರೆ ಶಾಸ್ತ್ರ ಚರ್ಚೆಗೆ ವ್ಯವಧಾನ ಇರುವುದಿಲ್ಲ.

ಜೋಡುಪಾಲದಲ್ಲಿ ಶಾಸ್ತ್ರಕಾರನು ಬಾಯಿ ಮುಚ್ಚಿಕೊಳ್ಳುತ್ತಾನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆಗಳೂ ಜನರೂ ಹೋದ ಜಾಗ ಅದು. ಅಲ್ಲಿ ತಮಾಷೆ ಬೇಡ, ಗೇರು ಬದಲಿಸಿ ಮುಂದೆ ಹೋಗುವುದು.

ಪ್ರಮಾಣಗಳಲ್ಲಿ ಅತ್ಯಂತ ಜಟಿಲವಾದದ್ದು ಶಬ್ದ. ಆಪ್ತನ ಮಾತೇ ಪ್ರಮಾಣ. ಆಪ್ತನೆಂದರೆ ಇದ್ದದ್ದನ್ನು ಇದ್ದಂತೆ ಹೇಳುವವನು. ಮಿತ್ರನು ಮೇಲಿಂದ ಕೂಗುತ್ತಾನೆ, "ಇನ್ನೊಂದೇ ತಿರುವು ಮಾರಾಯ, ಆಮೇಲೆ ಚಪ್ಪಟೆ." ತಿರುವು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಹಾಗಾದರೆ ಅವನು ಆಪ್ತನಲ್ಲವೆ? ಸಿದ್ಧಾಂತ ಹೀಗಿದೆ: ಘಾಟಿಯಲ್ಲಿ ನಿಜ ಹೇಳುವವನು ದಾರಿಹೋಕ, ಸುಳ್ಳು ಹೇಳುವವನೇ ಆಪ್ತ. ನಿಜ ಕೇಳಿದವರು ದೇವರಕೊಲ್ಲಿಯಿಂದಲೇ ವಾಪಸು ಬಂದಾರು. ಇದಕ್ಕೆ ಪೂರಕವಾದ ಇನ್ನೊಂದು ನಿಯಮವೂ ಉಂಟು. ಮುಂದೆ ಹೋದವನು ಮೋರಿಕಟ್ಟೆಯ ಮೇಲೆ ಕುಳಿತು ಕಾಯುತ್ತಾನೆ, ನೀರು ಕುಡಿಯುತ್ತಾನೆ, ಸಾಕ್ಸಿನೊಳಗಿನ ಉಂಬಳವನ್ನು ಸಾವಕಾಶ ಕೀಳುತ್ತಾನೆ. ಹಿಂದಿನವನು ಏದುಸಿರು ಬಿಡುತ್ತ ಬಂದು ಮುಟ್ಟಿದ ಕ್ಷಣ, "ಬಂದೆಯಾ? ಹೋಗುವ" ಎಂದು ಏಳುತ್ತಾನೆ. ವಿಶ್ರಾಂತಿಯು ಅದು ಬೇಡದವನಿಗೇ ಸಲ್ಲುತ್ತದೆ.

ಗಣಿತವನ್ನು ನಂಬುವವರಿಗಾಗಿ ಒಂದು ಲೆಕ್ಕ. ಕಲ್ಲುಗುಂಡಿಯಿಂದ ಮಡಿಕೇರಿಗೆ ಏರು ಸುಮಾರು 1,000 ಮೀಟರ್. ಸವಾರ, ಸೈಕಲ್ಲು ಸೇರಿ 90 ಕಿಲೋ ಎಂದಿಟ್ಟುಕೊಂಡರೆ ಅಷ್ಟು ಭಾರವನ್ನು ಬರೀ ಮೇಲೆತ್ತುವುದಕ್ಕೆ ಸುಮಾರು 210 ಕಿಲೋಕ್ಯಾಲರಿ ಬೇಕು. ದೇಹವು ಉಂಡದ್ದರಲ್ಲಿ ಕಾಲು ಭಾಗವನ್ನಷ್ಟೇ ದುಡಿಮೆಗೆ ಕೊಟ್ಟು ಉಳಿದದ್ದನ್ನು ಬಿಸಿಯಾಗಿ ಕಳೆಯುವುದರಿಂದ ಖರ್ಚು 840ರ ಹತ್ತಿರ. ಮಡಿಕೇರಿಯ ಹೋಟೆಲಿನಲ್ಲಿ ಮಿತ್ರನು ತಿಂದದ್ದಕ್ಕೂ ಈ ಸಂಖ್ಯೆಗೂ ನಡುವಿನ ವ್ಯತ್ಯಾಸಕ್ಕೆ ನಾನು 'ಸ್ನೇಹಶೇಷ' ಎಂದು ಹೆಸರಿಟ್ಟಿದ್ದೇನೆ. ಅದು ಬಿಲ್ಲಿನಲ್ಲಿ ಕಾಣಿಸುತ್ತದೆ.

ಬೆವರಿನ ಭೂಗೋಳವೂ ಗಮನಾರ್ಹ. ಘಾಟಿಯಲ್ಲಿ ಸುರಿದದ್ದು ಪಯಸ್ವಿನಿ ಸೇರಿ, ಕಾಸರಗೋಡಿನಲ್ಲಿ ಚಂದ್ರಗಿರಿಯೆಂದು ಕರೆಸಿಕೊಂಡು ಪಡುಗಡಲಿಗೆ ಹೋಗುತ್ತದೆ. ಭಾಗಮಂಡಲದಲ್ಲಿ ಸುರಿದದ್ದು ಕಾವೇರಿಯ ಪಾಲಾಗಿ ಬಂಗಾಳ ಕೊಲ್ಲಿಗೆ. ಒಂದೇ ದಿನ ಎರಡು ಸಮುದ್ರಗಳ ಮಟ್ಟ ಏರಿಸಿದ ಕೀರ್ತಿ ಮಿತ್ರನದು.

ಕರಿಕೆಯ ಇಳಿಜಾರಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಕಣ್ಣು ಮುಚ್ಚಿದವನು ಪ್ರತ್ಯಕ್ಷವನ್ನು ಬಣ್ಣಿಸಲಾರ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯಲ್ಲಿ ಗುಡ್ಡದ ಮಣ್ಣುದಾರಿಯಲ್ಲಿ ಸೈಕಲ್ ಇಳಿಸುವ ಪಂದ್ಯ ಶುರುವಾದಾಗ ಹಬ್ಬಿನೊಳಗಿನ ಗ್ರೀಸೆಲ್ಲ ಸುಟ್ಟು, ಪ್ರತಿ ಇಳಿತಕ್ಕೂ ಹೊಸದಾಗಿ ತುಂಬಬೇಕಾಗುತ್ತಿತ್ತಂತೆ. ನಮ್ಮಲ್ಲಿ ಸುಟ್ಟದ್ದು ಅಂಗೈ. ಕಾಡಿನ ನಡುವಿನ ಆ ಇಕ್ಕಟ್ಟು ದಾರಿಯಲ್ಲಿ ಬ್ರೇಕು ಬಿಟ್ಟವನು ಮಿತ್ರ, ಹಿಡಿದೇ ಇದ್ದವನು ನಾನು.

ಕೊನೆಗೆ ಪ್ರಾಯಶ್ಚಿತ್ತ ಪ್ರಕರಣ. ಸುಳ್ಯದಲ್ಲಿ ಕತ್ತಲಾಗಿ, ಉಳಿದ ದಾರಿಯನ್ನು ಸೈಕಲ್ ಸಮೇತ ಪಿಕಪ್ಪಿನ ಹಿಂದೆ ಕ್ರಮಿಸಿದ್ದರಿಂದ ಪ್ರದಕ್ಷಿಣೆ ಭಂಗವಾಯಿತೆಂದು ಕೆಲವರ ಆಕ್ಷೇಪ. ಹಾಗಲ್ಲ. ಕಲ್ಲುಗುಂಡಿಯವರೆಗೂ ನಾವು ಹ್ಯಾಂಡಲ್ ಬಿಟ್ಟಿಲ್ಲ, ಬಿಟ್ಟಿದ್ದರೆ ಸೈಕಲ್ಲು ಅಡಿಕೆ ಮೂಟೆಗಳ ಮೇಲೆ ಬೀಳುತ್ತಿತ್ತು. ಹ್ಯಾಂಡಲ್ ಹಿಡಿದವನೇ ಸವಾರನೆಂಬ ಈ ವಾದವನ್ನು ಚಾಲಕರು ಪೂರ್ತಿ ಕೇಳಿ, "ಅದೆಲ್ಲ ಸರಿ ಅಣ್ಣ, ಬಾಡಿಗೆ?" ಎಂದರು. ಮಿತ್ರನು ಅಷ್ಟರಲ್ಲಿ ಸೈಕಲ್ ಏರಿ ಹೊರಟಾಗಿತ್ತು.