ಹುಲ್ಲಿಗೊಂದು ಪಾಯಾ

ಕಲಬುರಗಿಯ ಸೇಡಂ ರಸ್ತೆಯ ಮೇಲೆ ಯಾರಾದರೂ ‘ಹಸಿರು’ ಅಂದರೆ ಅದು ಸಿಗ್ನಲ್ ದೀಪ. ಅದರ ಮೇಲೂ ಒಂದು ಪದರ ಧೂಳು. ಮಳಖೇಡ, ಸೇಡಂ ಕಡೆಯಿಂದ ಸಿಮೆಂಟು ಹೇರಿಕೊಂಡು ಬರುವ ಲಾರಿ, ವಿಶ್ವವಿದ್ಯಾಲಯದತ್ತ ಹೋಗುವ ಬಸ್ಸು, ವಿಮಾನ ತಪ್ಪೀತೆಂದು ಸರಡಗಿ ಕಡೆ ಓಡುವ ಕಾರು, ಇವುಗಳ ನಡುವೆ ನಡೆದಾಡುವವನಿಗೆ ಹುಲ್ಲಿನ ನೆನಪಾಗುವುದು ಅಪರೂಪ. ನನಗೆ ಆಯಿತು. ಅದೂ ಅಂಥಿಂಥ ಹುಲ್ಲಲ್ಲ, ಗಾಲ್ಫ್ ಚೆಂಡು ಉರುಳಿ ಕುಣಿಗೆ ಬೀಳುವ ‘ಪಟಿಂಗ್ ಗ್ರೀನ್’.

ಇದಕ್ಕೆ ಇಬ್ಬರು ಹೊಣೆ. ಒಬ್ಬಾಕೆ ಬೆಂಗಳೂರಿನ ಅದಿತಿ ಅಶೋಕ್. 2021ರ ಆಗಸ್ಟ್ 7ರ ಬೆಳಿಗ್ಗೆ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತಕ್ಕೆ ಕಂಚು ತಪ್ಪಿಸಿಕೊಂಡು ಆಕೆ ನಾಲ್ಕನೆಯವಳಾದಾಗ, ಗಾಲ್ಫ್ ಅಂದರೇನೆಂದು ಗೊತ್ತಿಲ್ಲದ ನಮ್ಮ ಮನೆಯಲ್ಲೂ ಚಹಾ ಆರಿಹೋಯಿತು. ಇನ್ನೊಬ್ಬ ಅಟ್ಲಾಂಟಾದಲ್ಲಿರುವ ನನ್ನ ಅಳಿಯ. ರಜೆಗೆ ಬಂದವನು ಒಂದು ಕೋಲು, ನಾಲ್ಕಾರು ಚೆಂಡು ಬಿಟ್ಟುಹೋದ. ಕೋಲು ಬಾಗಿಲ ಹಿಂದೆ ನಿಂತಿತ್ತು. ಬೆಕ್ಕು ಓಡಿಸಲು ಹಗುರ, ಬಟ್ಟೆ ಒಣಹಾಕಲು ಗಿಡ್ಡ. ಹೀಗಾಗಿ ಅದನ್ನು ಅದರ ಕೆಲಸಕ್ಕೇ ಬಳಸುವುದು ಅನಿವಾರ್ಯವಾಯಿತು.

ಕುಣಿಯ ಅಳತೆಗೆ ಶಾಸ್ತ್ರವಿದೆ. ನಾಲ್ಕೂಕಾಲು ಇಂಚು ಅಗಲ, ಕಡಿಮೆ ಅಂದರೂ ನಾಲ್ಕು ಇಂಚು ಆಳ. ಸ್ಕಾಟ್ಲೆಂಡಿನ ಮಸಲ್‌ಬರಾದಲ್ಲಿ 1829ರಲ್ಲಿ ಮಾಡಿಸಿದ ಕುಣಿ ಕೊರೆಯುವ ಸಾಧನದ ಅಗಲವನ್ನೇ 1891ರಲ್ಲಿ ನಿಯಮ ಮಾಡಿದರು. ಆ ಸಾಧನ ಚರಂಡಿ ಪೈಪಿನ ತುಂಡಿನಿಂದ ಆದದ್ದೆಂಬ ಪ್ರತೀತಿಯೂ ಇದೆ. ಆ ಧೈರ್ಯದ ಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪಿವಿಸಿ ಪೈಪಿನ ಅರ್ಧ ಅಡಿ ತುಂಡು ಕೇಳಿದೆ. “ಪಾಯಖಾನಿಗೇನ್ರಿ?” ಅಂದ ಅಂಗಡಿಯವ. ಸ್ಕಾಟ್ಲೆಂಡಿನಿಂದ ಶುರು ಮಾಡಬೇಕಾಗುತ್ತದೆಂದು ಅಂಜಿ, ಹೌದು ಅಂದುಬಿಟ್ಟೆ.

ಅಸಲು ಪೇಚಾಟ ನೆಲದ್ದು. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ತೊಗರಿಗೆ ಅದು ತಾಯಿ. ಉರುಳುವ ಚೆಂಡಿಗೆ ಮಲತಾಯಿ. ಗಾಲ್ಫ್ ಮೈದಾನಕ್ಕೆ ಹದಿನೆಂಟು ಕುಣಿ ಸಾಕು; ನನ್ನ ಹಿತ್ತಲು ಏಪ್ರಿಲ್ ಹೊತ್ತಿಗೆ ಪುಕ್ಕಟೆಯಾಗಿ ಅದಕ್ಕಿಂತ ಹೆಚ್ಚೇ ಕೊಡುತ್ತದೆ, ಕೈ ಹಾಕಿದರೆ ಮೊಣಕೈತನಕ ಹೋಗುವಂಥವು. ಅಮೆರಿಕದ ಗಾಲ್ಫ್ ಸಂಘದ ಪದ್ಧತಿ ಬೇರೆ: ತಳದಲ್ಲಿ ನೀರು ಬಸಿಯುವ ಕೊಳವೆ, ಅದರ ಮೇಲೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಒಂದು ಅಡಿ ಉಸುಕಿನ ಮಿಶ್ರಣ, ಆಮೇಲೆ ಹುಲ್ಲು. ಗೌಂಡಿಯನ್ನು ಕರೆಸಿದೆ. ಅವನು ಗೆರೆ ಹೊಡೆದು, ಸೊಂಟದ ಮೇಲೆ ಕೈಯಿಟ್ಟು ನಿಂತ.

“ಪಾಯಾ ಬರೋಬ್ಬರಿ ಆಗ್ತದ್ರಿ ಸರ್. ಮ್ಯಾಲ ಎಷ್ಟ್ ಅಂತಸ್ತು?”

“ಅಂತಸ್ತು ಇಲ್ಲಪಾ. ಹುಲ್ಲು.”

“ಹುಲ್ಲಿಗಿ ಪಾಯಾ ಏನ್ರಿ?”

ಅವನ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಆಚೆ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ, ಸಂಪು ತೋಡಿಸುತ್ತಿದ್ದೇನೆಂದು ತಿಳಿದು, “ಛಲೋ ಆತು, ಬ್ಯಾಸಿಗ್ಯಾಗ ನಮಗೂ ನಾಕು ಕೊಡ ನೀರಾಗ್ತದ” ಎಂದು ಹರಸಿದರು.

ಹುಲ್ಲು ಯಾವುದೆಂದು ಅಳಿಯನಿಗೆ ಫೋನ್ ಮಾಡಿದೆ. “ಬರ್ಮುಡಾ ಹುಲ್ಲು ಹಚ್ರಿ ಮಾವಾರೆ, ಬಿಸಿಲು ನಾಡಿಗೆ ಅದೇ” ಅಂದ. ಹೆಸರು ಕೇಳಿ ಹಡಗಿನಲ್ಲಿ ತರಿಸಬೇಕೇನೋ ಅಂದುಕೊಂಡೆ. ಹುಡುಕಿ ನೋಡಿದರೆ ನಮ್ಮ ಕರಿಕಿ! ಗಣಪತಿಯ ತಲೆಯ ಮೇಲೆ ಕೂರುವ ಅದೇ ಗರಿಕೆ. ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಅದನ್ನು ಆಫ್ರಿಕಾದ ದಾಯಾದಿ ಹುಲ್ಲಿನೊಡನೆ ಕೂಡಿಸಿ ತಳಿಗಳನ್ನು ಎಬ್ಬಿಸಿದ. 1956ರ ಟಿಫ್‌ಗ್ರೀನ್, 1965ರ ಟಿಫ್‌ಡ್ವಾರ್ಫ್ ಹಾಗೆ ಬಂದವು, ಬಿಸಿಲು ದೇಶಗಳ ಗಾಲ್ಫ್ ಮೈದಾನಗಳಲ್ಲಿ ಹಬ್ಬಿದವು. ಇತ್ತ ನಮ್ಮ ರೈತ ತಲೆತಲಾಂತರದಿಂದ ಹೊಲದಲ್ಲಿ ಬಗ್ಗಿ ಅದನ್ನೇ ಅಗೆದು, ಬದುವಿಗೆಸೆದು, ಶಪಿಸುತ್ತ ಬಂದಿದ್ದಾನೆ. ಹಚ್ಚಲು ಬಂದ ಮುದುಕಿ ಮೊದಲು ನಂಬಲೇ ಇಲ್ಲ. “ಹುಟ್ಟಿದಾಗಿಂದ ಕರಿಕಿ ಕಿತ್ತೀನ್ರಿ ಯಪ್ಪಾ, ಇವತ್ತ ಹಚ್ಚು ಅಂತೀರಿ” ಎಂದು ನಕ್ಕು, ಕೂಡಲೇ ಗಂಭೀರಳಾಗಿ, “ಕೀಳೋ ಕೂಲಿ ಬ್ಯಾರೆ, ಹಚ್ಚೋ ಕೂಲಿ ಬ್ಯಾರೆ” ಅಂದಳು. ನ್ಯಾಯವೇ. ಮುಂದೆ ಕೀಳಲಿಕ್ಕೂ ತನ್ನನ್ನೇ ಕರೆಯುತ್ತಾರೆಂದು ಆಕೆಗೆ ಗೊತ್ತಿತ್ತು.

ಹಸಿರಿನ ವೇಗ ಅಳೆಯಲೂ ಒಂದು ಸಾಧನವಿದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬಾತ ಕಂಡುಹಿಡಿದ ಮೂರು ಅಡಿಯ ತೋಡುಪಟ್ಟಿ. ಅದರ ಮೇಲಿಂದ ಜಾರಿದ ಚೆಂಡು ಹತ್ತಡಿ ಹೋದರೆ ಹಸಿರು ಚುರುಕು. ಕಿಟಕಿಯ ಅಲ್ಯೂಮಿನಿಯಂ ಚಾನೆಲ್ಲನ್ನೇ ಪಟ್ಟಿ ಮಾಡಿಕೊಂಡು ನನ್ನ ಕರಿಕಿಯ ಮೇಲೆ ನೋಡಿದೆ. ಚೆಂಡು ಯೋಚನೆಗೆ ಬಿದ್ದು ನಿಂತಿತು. ಪಡಸಾಲೆಯ ಶಹಾಬಾದಿ ಫರ್ಸಿಯ ಮೇಲೆ ಬಿಟ್ಟೆ. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ತುಳಸಿ ಕಟ್ಟೆಗೆ ಬಡಿದೇ ನಿಂತದ್ದು. ಜಗತ್ತಿನ ಅತಿ ಚುರುಕು ಹಸಿರು ಬೂದು ಬಣ್ಣದ್ದು, ಅದನ್ನು ಕಲಬುರಗಿಯವರು ದಿನಾ ಒರೆಸಿ ಅದರ ಮೇಲೆ ಮಲಗುತ್ತಾರೆ.

ಬೇಸಿಗೆಯ ಮಾತು ಬೇಡ. ನಳದ ನೀರಿಗೆ ಓಣಿಯೆಲ್ಲ ಕಾಯುವಾಗ ಹುಲ್ಲಿಗೆ ಪೈಪು ಹಿಡಿದು ನಿಲ್ಲುವಷ್ಟು ದಪ್ಪ ಚರ್ಮ ನನಗಿಲ್ಲ. ಪಾತ್ರೆ ತೊಳೆದ ನೀರು ಕುಡಿದೇ ಕರಿಕಿ ಜೀವ ಹಿಡಿಯಿತು, ಮಳೆ ಬಿದ್ದದ್ದೇ ತಡ ಚಿಗುರಿ ಚಾಪೆಯಾಯಿತು. ಈಗ ಶಾಸ್ತ್ರದ ಪ್ರಕಾರ ಅದನ್ನು ಮೂರು ಮಿಲಿಮೀಟರಿಗೆ ಕತ್ತರಿಸಬೇಕು. ಹುಲ್ಲು ಕತ್ತರಿಸುವ ರೀಲ್ ಯಂತ್ರ ಇಲ್ಲದ ನಾನು ಕತ್ತರಿ ಹಿಡಿದು ಮೊಣಕಾಲೂರಿ ಒಂದು ಮೂಲೆ ಮುಗಿಸಿದ್ದೆನಷ್ಟೆ. ಚವತಿಯ ಹಿಂದಿನ ದಿನ ಬಂತು. ಬೆಳಕು ಹರಿಯುವ ಮೊದಲೇ ಗೇಟಿನ ಸಪ್ಪಳ. ಓಣಿಯ ಹೆಂಗಸರು, ಹುಡುಗರು, ಕೈಯಲ್ಲಿ ಬುಟ್ಟಿ. ಇಪ್ಪತ್ತೊಂದು ಕುಡಿ ಬೇಕಂತೆ.

ಹಿರಿಯಾಕೆಯೊಬ್ಬರು ನಾನು ಕತ್ತರಿಸಿದ ಮೂಲೆಯನ್ನು ಬಗ್ಗಿ ನೋಡಿ, “ಇದ್ಯಾಕ್ರಿ ಇಷ್ಟ್ ಗಿಡ್ಡ ಮಾಡೀರಿ? ದೇವರಿಗಿ ಏರ್ಸಲಿಕ್ಕಿ ಬರಂಗಿಲ್ಲ” ಅಂದರು.

ನನ್ನಾಕೆ ಒಳಗಿನಿಂದ ಬಂದು, ನನ್ನ ಕೈಯ ಕತ್ತರಿ ಇಸಕೊಂಡು, “ಬರೋ ವರ್ಷ ಕತ್ತರ್ಸಂಗಿಲ್ರಿ, ನೀವು ಬರ್ರಿ” ಎಂದಳು.